ಬಾಕಿ ಉಳಿದ ಪಾಠ

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದುಹೋಗುವವರ ಕಿವಿಗೆ ಮೊದಲು ಬೀಳುವುದು ಮಗ್ಗದ ಸದ್ದು. ವಿದ್ಯುತ್ ಮಗ್ಗದ ಲಾಳಿಯು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಬಿಡುವಿಲ್ಲದೆ ಓಡುತ್ತಿರುತ್ತದೆ. ಹಾಸಿನ ಸಾವಿರಾರು ಎಳೆಗಳ ನಡುವೆ ಹೊಕ್ಕಿನ ನೂಲು ಸೇರುತ್ತ ಸೀರೆ ಬೆಳೆಯುತ್ತದೆ. ಹೀಗೆ ನಡೆಯುತ್ತಿರುವಾಗ ಒಮ್ಮೊಮ್ಮೆ ಒಂದು ಎಳೆ ಕಡಿಯುವುದುಂಟು. ಆಗ ನೇಕಾರನು ಮಗ್ಗವನ್ನು ನಿಲ್ಲಿಸುತ್ತಾನೆ. ಕಡಿದ ಎಳೆಯ ಎರಡು ತುದಿಗಳನ್ನು ಹುಡುಕಿ, ಬೆರಳಲ್ಲಿ ಹೊಸೆದು ಗಂಟುಹಾಕಿ, ಮತ್ತೆ ಮಗ್ಗವನ್ನು ನಡೆಸುತ್ತಾನೆ. ಒಂದು ಎಳೆ ಕಡಿಯಿತೆಂದು ಅದುವರೆಗೆ ನೆಯ್ದ ಸೀರೆಯನ್ನೇ ಕತ್ತರಿಸಿ ಎಸೆದ ನೇಕಾರನನ್ನು ಯಾರೂ ಕಂಡಿಲ್ಲ. ಆದರೆ ಅದೇ ನೇಕಾರನ ಮನೆಯಲ್ಲಿ ಮಗಳು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಂದು ವಿಷಯದಲ್ಲಿ ಅನುತ್ತೀರ್ಣಳಾದರೆ, ಅವಳ ಓದನ್ನು ಅಲ್ಲಿಗೇ ಕತ್ತರಿಸಿಬಿಡುವುದನ್ನು ಮಾತ್ರ ನಾವು ಅನೇಕ ಸಲ ಕಂಡಿದ್ದೇವೆ.

ಈ ಪರೀಕ್ಷೆಯ ಹೆಸರನ್ನು ಕೇಳದ ಮನೆ ನಮ್ಮ ನಾಡಿನಲ್ಲಿಲ್ಲ. 2024ನೆಯ ಇಸವಿಯ ಪರೀಕ್ಷೆಯನ್ನೇ ನೋಡೋಣ. ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಂದು ಆರು ವಿಷಯಗಳು. ಪ್ರಥಮ ಭಾಷೆಗೆ 125, ಉಳಿದವುಗಳಿಗೆ ತಲಾ 100, ಒಟ್ಟು 625 ಅಂಕಗಳು. ಆ ವರ್ಷ ಮೇ 9ರಂದು ಪ್ರಕಟವಾದ ಮೊದಲ ಪರೀಕ್ಷೆಯ ಫಲಿತಾಂಶದಂತೆ, ಪರೀಕ್ಷೆಗೆ ಕುಳಿತ 8,59,967 ಮಂದಿಯಲ್ಲಿ 6,31,204 ಮಂದಿ ಉತ್ತೀರ್ಣರಾದರು. ಮರುದಿನದ ವೃತ್ತಪತ್ರಿಕೆಗಳು ಹೆಚ್ಚು ಅಂಕ ಗಳಿಸಿದವರ ಭಾವಚಿತ್ರಗಳಿಂದ ತುಂಬಿದ್ದವು. ಅದು ಸಹಜವೇ. ಆದರೆ ಮೊದಲ ಸಂಖ್ಯೆಯಿಂದ ಎರಡನೆಯದನ್ನು ಕಳೆದರೆ ಉಳಿಯುವವರು 2,28,763 ಮಂದಿ. ಅವರ ಭಾವಚಿತ್ರ ಎಲ್ಲಿಯೂ ಬರಲಿಲ್ಲ. ಆ ಸಂಜೆ ಅವರವರ ಮನೆಗಳಲ್ಲಿ ಯಾವ ಮಾತು ನಡೆಯಿತೆಂಬುದು ಆ ಮನೆಗಳ ಗೋಡೆಗಳಿಗೆ ಮಾತ್ರ ಗೊತ್ತು.

ಅವರಲ್ಲಿ ಒಬ್ಬಳ ಮನೆಯ ಮಾತು ನನಗೆ ಗೊತ್ತು. ಅವಳ ತಂದೆ ಬೇರೊಬ್ಬರ ಮಗ್ಗಗಳಲ್ಲಿ ಕೂಲಿಗೆ ನೆಯ್ಯುವವರು. ಹುಡುಗಿ ಐದು ವಿಷಯಗಳಲ್ಲಿ ಉತ್ತೀರ್ಣಳಾಗಿ ಗಣಿತವೊಂದರಲ್ಲಿ ನಿಂತಿದ್ದಳು. ನಾನು ನಿವೃತ್ತನಾಗಿ ಬಹಳ ವರ್ಷಗಳಾಗಿದ್ದರೂ ಬೀದಿಯವರಿಗೆ ಇನ್ನೂ ಮೇಷ್ಟ್ರೇ ಆಗಿರುವುದರಿಂದ, ಫಲಿತಾಂಶ ಬಂದ ಎರಡನೆಯ ದಿನ ಅವಳ ತಾಯಿ ಮನೆಗೆ ಬಂದರು.

“ಮೇಷ್ಟ್ರೇ, ಬಾಶೆಟ್ಟಿಹಳ್ಳಿ ಕಡೆ ಬಟ್ಟೆ ಹೊಲಿಯೋ ಫ್ಯಾಕ್ಟ್ರಿಗೆ ಹುಡುಗೀರನ್ನ ತಗೋತಾ ಇದ್ದಾರಂತೆ. ಇವಳನ್ನೂ ಸೇರಿಸೋಣ ಅಂತಾರೆ ನಮ್ಮ ಮನೆಯವರು. ಒಂದು ಮಾತು ನಿಮ್ಮನ್ನ ಕೇಳೋಣ ಅಂತ ಬಂದೆ.”

“ಐದರಲ್ಲಿ ಪಾಸಾಗಿದ್ದಾಳಲ್ಲಮ್ಮ?”

“ಐದರಲ್ಲಿ ಪಾಸಾದರೇನು ಬಂತು ಮೇಷ್ಟ್ರೇ? ಫೇಲು ಅಂದರೆ ಫೇಲೇ ಅಲ್ಲವಾ?”

ಈ ಪ್ರಶ್ನೆಯಲ್ಲಿರುವ ತಪ್ಪು ಆ ತಾಯಿಯದಲ್ಲ. ನಮ್ಮಲ್ಲಿ ಬಹುಕಾಲದಿಂದ ‘ಪಾಸು’, ‘ಫೇಲು’ ಎಂಬ ಎರಡು ಪದಗಳ ನಡುವೆ ಮೂರನೆಯ ಪದವೇ ಇರಲಿಲ್ಲ. ಇಡೀ ಪರೀಕ್ಷೆಯನ್ನು ಒಂದೇ ಗಂಟಾಗಿ ಕಾಣುವ ಈ ರೂಢಿ ಎಂಥವರನ್ನು ಬಲಿ ತೆಗೆದುಕೊಂಡಿತ್ತೆಂಬುದಕ್ಕೆ ನಮ್ಮ ನೆರೆಯ ತಮಿಳುನಾಡಿನ ಒಂದು ನಿದರ್ಶನವಿದೆ. ಕುಂಭಕೋಣದ ಶ್ರೀನಿವಾಸ ರಾಮಾನುಜನ್ 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಅಲ್ಲಿಯ ಸರ್ಕಾರಿ ಕಾಲೇಜನ್ನು ಸೇರಿದರು. ಗಣಿತವೊಂದನ್ನು ಬಿಟ್ಟು ಬೇರೆ ವಿಷಯಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ, ವಿದ್ಯಾರ್ಥಿವೇತನ ಹೋಯಿತು. ಮುಂದೆ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿದರು, ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದರು, 1907ರಲ್ಲಿ ಮತ್ತೊಮ್ಮೆ ಕುಳಿತರು, ಮತ್ತೊಮ್ಮೆ ಅನುತ್ತೀರ್ಣರಾದರು. ಅವರಿಗಿದ್ದ ಗಣಿತದ ಬಲವೆಲ್ಲ ಬೇರೆ ವಿಷಯಗಳ ಕೊರತೆಯಲ್ಲಿ ಮುಳುಗಿಹೋಯಿತು. 1913ರಲ್ಲಿ ಅವರು ಬರೆದ ಕಾಗದವನ್ನು ಕೇಂಬ್ರಿಜ್ಜಿನ ಹಾರ್ಡಿಯವರು ಓದದೆ ಪಕ್ಕಕ್ಕಿಟ್ಟಿದ್ದರೆ, ಮದರಾಸಿನ ಒಬ್ಬ ಗುಮಾಸ್ತರ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಡಿ.ವಿ. ಗುಂಡಪ್ಪನವರೂ ಮೆಟ್ರಿಕ್ಯುಲೇಷನ್ನಿನಲ್ಲಿ ಉತ್ತೀರ್ಣರಾದವರಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ 1961ರಲ್ಲಿ ಗೌರವ ಡಿ.ಲಿಟ್. ಪದವಿಯನ್ನು ನೀಡಿತು. ಇಂತಹ ಹೆಸರುಗಳನ್ನು ಹೇಳಿ ಅನುತ್ತೀರ್ಣರಾದ ಮಕ್ಕಳನ್ನು ಸಮಾಧಾನಪಡಿಸುವುದು ಸಭೆಗಳಲ್ಲಿ ಒಂದು ವಾಡಿಕೆಯಾಗಿದೆ. ನನಗೆ ಆ ವಾಡಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಡಿ.ವಿ.ಜಿ. ಆಗಲಾರದ, ರಾಮಾನುಜನ್ ಆಗಲಾರದ, ಆದರೆ ನಾಳೆ ದುಡಿದು ಉಣ್ಣಬೇಕಾದ ಹುಡುಗಿಗೆ ಬೇಕಾದದ್ದು ಮಹಾಪುರುಷರ ಚರಿತ್ರೆಯಲ್ಲ. ಗಣಿತದಲ್ಲಿ ತೇರ್ಗಡೆಯ ಅಂಕ. ಅನೇಕ ಕೈಗಾರಿಕಾ ತರಬೇತಿ ಸಂಸ್ಥೆಗಳ ಬಾಗಿಲಲ್ಲಿ ಕೇಳುವುದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು. ಹುಟ್ಟಿದ ದಿನಾಂಕಕ್ಕೆ ಸಾಕ್ಷಿಯಾಗಿ ಜೀವನಪರ್ಯಂತ ತೋರಿಸುವುದೂ ಅದನ್ನೇ. ಹೊರದೇಶಕ್ಕೆ ಕೆಲಸ ಅರಸಿ ಹೋಗುವವರ ಪಾಸ್‌ಪೋರ್ಟಿನಲ್ಲಿಯೂ ಹತ್ತನೆಯ ತರಗತಿ ಮುಗಿಸಿದವರಿಗೆ ಒಂದು ಬಗೆ, ಮುಗಿಸದವರಿಗೆ ಇನ್ನೊಂದು ಬಗೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಈ ಸುತ್ತಿನ ಹಳ್ಳಿಗಳ ಯುವಕರಿಗೆ ಈ ಕಾಗದದ ಬೆಲೆ ಇನ್ನಷ್ಟು ಚೆನ್ನಾಗಿ ಅರ್ಥವಾಗಿದೆ. ಹೊಲವಿದ್ದಾಗ ಯಾರೂ ಅಂಕಪಟ್ಟಿ ಕೇಳುತ್ತಿರಲಿಲ್ಲ.

ಹಾಗಾದರೆ ಆ ತಾಯಿಯ ಪ್ರಶ್ನೆಗೆ ಉತ್ತರವೇನು?

ಅಂಗಡಿಯ ಲೆಕ್ಕದ ಪುಸ್ತಕವನ್ನು ನೀವು ನೋಡಿರಬಹುದು. ಒಂದು ಕಡೆ ಜಮೆ, ಇನ್ನೊಂದು ಕಡೆ ಖರ್ಚು. ಗಿರಾಕಿಯು ನೂರು ರೂಪಾಯಿಯ ಬಾಕಿಯಲ್ಲಿ ಎಂಬತ್ತನ್ನು ಕೊಟ್ಟರೆ, ಅಂಗಡಿಯವನು ಎಂಬತ್ತನ್ನು ಜಮೆ ಹಾಕಿಕೊಂಡು ಇಪ್ಪತ್ತನ್ನು ಮಾತ್ರ ಬಾಕಿ ಬರೆಯುತ್ತಾನೆ; ‘ನೂರೂ ತರಲಿಲ್ಲವಾದ್ದರಿಂದ ಕೊಟ್ಟ ಎಂಬತ್ತೂ ಲೆಕ್ಕಕ್ಕಿಲ್ಲ’ ಎನ್ನುವುದಿಲ್ಲ. ಶಿಕ್ಷಣದಲ್ಲಿಯೂ ಇದೇ ಲೆಕ್ಕವನ್ನು ತರುವ ಪದ್ಧತಿಗೆ ‘ಕ್ರೆಡಿಟ್’ ಪದ್ಧತಿಯೆಂದು ಹೆಸರು. ಕ್ರೆಡಿಟ್ ಎಂದರೆ ಜಮೆಯೇ. ಅಮೆರಿಕದ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಯು ಒಂದೊಂದು ವಿಷಯವನ್ನು ಓದಿ ಮುಗಿಸಿದಂತೆಲ್ಲ ಇಷ್ಟಿಷ್ಟು ಎಂದು ಅವನ ಹೆಸರಿಗೆ ಜಮೆಯಾಗುತ್ತದೆ. ಯಾವುದರಲ್ಲಿ ಸೋತನೋ ಅದನ್ನಷ್ಟೇ ಬೇಸಿಗೆಯ ರಜೆಯಲ್ಲೋ ಕಂಪ್ಯೂಟರಿನ ಮೂಲಕವೋ ಮತ್ತೆ ಓದಿ ತುಂಬಿಕೊಳ್ಳುತ್ತಾನೆ. ನಮ್ಮ ದೇಶದಲ್ಲಿಯೂ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ವರ್ಷದ ಕಲಿಕೆಯನ್ನು 1,200 ಗಂಟೆಗಳೆಂದೂ ಅದಕ್ಕೆ 40 ಕ್ರೆಡಿಟ್‌ಗಳೆಂದೂ ಎಣಿಸಿದೆ.

ಆ ದೊಡ್ಡ ಚೌಕಟ್ಟು ನಮ್ಮ ಊರಿನ ಶಾಲೆಯವರೆಗೆ ಬರಲು ಕಾಲ ಬೇಕಾಗಬಹುದು. ಆದರೆ ಜಮೆಯ ತತ್ತ್ವವು ನಮ್ಮಲ್ಲಿ ಆಗಲೇ ಇದೆ. ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯದಲ್ಲಿ ನಿಂತವರು ಆ ಒಂದು ವಿಷಯವನ್ನು ಬರೆದರೆ ಸಾಕು. ಉತ್ತೀರ್ಣವಾದ ಐದು ವಿಷಯಗಳು ಹಾಗೆಯೇ ಉಳಿಯುತ್ತವೆ. ಪೂರಕ ಪರೀಕ್ಷೆ ಹಿಂದಿನಿಂದಲೂ ಇತ್ತು. 1966ರಲ್ಲಿ ಸ್ಥಾಪಿತವಾಗಿದ್ದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಲಿಯ ಸ್ಥಾನದಲ್ಲಿ ಈಗಿರುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು 2024ರಲ್ಲಿ ‘ಪೂರಕ’ ಎಂಬ ಹೆಸರನ್ನೇ ತೆಗೆದು, ಪರೀಕ್ಷೆ ಒಂದು, ಪರೀಕ್ಷೆ ಎರಡು, ಪರೀಕ್ಷೆ ಮೂರು ಎಂದು ಒಂದೇ ವರ್ಷದಲ್ಲಿ ಮೂರು ಅವಕಾಶಗಳನ್ನು ನೀಡಿತು. ಹೆಸರಿನ ಬದಲಾವಣೆ ಸಣ್ಣದೆಂದು ತೋರಬಹುದು. ಆದರೆ ‘ಪೂರಕ ಪರೀಕ್ಷೆಗೆ ಕಟ್ಟಿದ್ದೇನೆ’ ಎಂದು ಹೇಳುವಾಗ ತಲೆ ತಗ್ಗಿಸುವ ಮಕ್ಕಳನ್ನು ಕಂಡವರಿಗೆ ಅದು ಸಣ್ಣದೆನಿಸುವುದಿಲ್ಲ. ಯಾವ ವರ್ಷ ಎಷ್ಟು ಪರೀಕ್ಷೆ, ಯಾವ ದಿನ ಎಂಬುದನ್ನು ಮಂಡಲಿಯು ಆಯಾ ವರ್ಷ ಪ್ರಕಟಿಸುತ್ತದೆ; ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿದರೆ ತಿಳಿಯುತ್ತದೆ.

ಶಾಲೆಯ ದಾರಿ ಪೂರ್ತಿ ತಪ್ಪಿಹೋದವರಿಗೂ ಒಂದು ಬಾಗಿಲುಂಟು. ಅದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1979ರಲ್ಲಿ ದೆಹಲಿಯ ಕೇಂದ್ರೀಯ ಪರೀಕ್ಷಾ ಮಂಡಲಿಯ ಒಂದು ಯೋಜನೆಯಾಗಿ ಪ್ರಾರಂಭವಾದ ಈ ಮುಕ್ತ ಶಾಲೆಯು 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಹದಿನಾಲ್ಕು ವರ್ಷ ತುಂಬಿದವರು ಯಾರಾದರೂ ಇಲ್ಲಿ ಪ್ರೌಢಶಾಲಾ ಮಟ್ಟಕ್ಕೆ ಸೇರಬಹುದು. ಕನಿಷ್ಠ ಐದು ವಿಷಯಗಳನ್ನು ಆರಿಸಿಕೊಳ್ಳಬೇಕು. ಭಾಷೆಗಳಲ್ಲಿ ಕನ್ನಡವೂ ಇದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿ, ಆ ಅವಧಿಯಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶ. ಒಂದು ಸಲಕ್ಕೆ ಒಂದೇ ವಿಷಯವನ್ನು ಬರೆದರೂ ಅದು ಜಮೆಯಾಗುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಬೇರೆ ಮಂಡಲಿಯ ಪರೀಕ್ಷೆಯಲ್ಲಿ ಉತ್ತೀರ್ಣವಾದ ಎರಡು ವಿಷಯಗಳವರೆಗೆ ಇಲ್ಲಿಯ ಲೆಕ್ಕಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಪಾಠಗಳು ಅಚ್ಚಾದ ಪುಸ್ತಕಗಳಲ್ಲಿ ಸಿಗುತ್ತವೆ. ‘ಸ್ವಯಂ’ ಎಂಬ ಜಾಲದಲ್ಲಿಯೂ ಅದರ ದೂರದರ್ಶನ ವಾಹಿನಿಗಳಲ್ಲಿಯೂ ನೋಡಬಹುದು. ಪರೀಕ್ಷೆಯನ್ನು ಮಾತ್ರ ಎಲ್ಲರಂತೆ ಕೇಂದ್ರದಲ್ಲಿ ಕುಳಿತೇ ಬರೆಯಬೇಕು. ಇಲ್ಲೊಂದು ಮಾತನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಫೇಲಾದವರಿಗೆ ಸುವರ್ಣಾವಕಾಶ, ನೇರವಾಗಿ ಪಾಸು’ ಎಂದು ಅಂಟಿಸಿದ ಕಾಗದಗಳನ್ನು ನೀವು ನೋಡುತ್ತೀರಿ. ಓದಿಸದೆ ಪಾಸು ಮಾಡಿಸುತ್ತೇವೆಂದು ಹಣ ಕೇಳುವವರು ಮಾರುವುದು ಬರಿಯ ಕಾಗದವನ್ನು. ಅದನ್ನು ಕೆಲಸದ ಬಾಗಿಲಲ್ಲಿ ತೋರಿಸಿದಾಗ ಸಿಕ್ಕಿಬೀಳುವವರು ಮಾರಿದವರಲ್ಲ, ಕೊಂಡವರು.

ಶಾಲೆಯಲ್ಲಿ ಕೂರದೆ ಪಾಠ ಪಡೆಯುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಮೂಲಕ ಪಾಠ ಕಳುಹಿಸುವ ಸಂಸ್ಥೆಯನ್ನು ತೆರೆಯಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ಎಲ್ಲಕ್ಕಿಂತ ಸೋಜಿಗದ ಪ್ರಯೋಗ ನಡೆದದ್ದು 1975ರಲ್ಲಿ. ಆ ವರ್ಷದ ಆಗಸ್ಟ್ ಒಂದರಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಪಾಠಗಳನ್ನು ಬಿತ್ತರಿಸಲಾಯಿತು. ನಮ್ಮ ರಾಜ್ಯದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದವು. ಹಳ್ಳಿಗೊಂದೇ ಪೆಟ್ಟಿಗೆ. ಬೆಳಗಿನ ಹೊತ್ತು ಶಾಲೆಯ ಮಕ್ಕಳೆಲ್ಲ ಅದರ ಮುಂದೆ ಒಟ್ಟಾಗಿ ಕುಳಿತು ನೋಡುತ್ತಿದ್ದರು, ಪಕ್ಕದಲ್ಲಿ ಉಪಾಧ್ಯಾಯರಿರುತ್ತಿದ್ದರು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

2020ರಲ್ಲಿ ಕೋವಿಡ್ ಕಾಯಿಲೆಯಿಂದ ಶಾಲೆಗಳು ಮುಚ್ಚಿದಾಗ ಪಾಠವು ಅಂಗೈಯೊಳಗಿನ ಫೋನಿಗೆ ಬಂದಿತು. ಚಂದನ ವಾಹಿನಿಯಲ್ಲಿ ಹತ್ತನೆಯ ತರಗತಿಯವರಿಗೆ ಪುನರ್ಮನನದ ಪಾಠಗಳು, ಬಳಿಕ ‘ಸಂವೇದ’ ಎಂಬ ಹೆಸರಿನ ಪಾಠಗಳು ಬಿತ್ತರವಾದವು. ನಿಮ್ಮ ಪಠ್ಯಪುಸ್ತಕಗಳಲ್ಲಿ ಚಚ್ಚೌಕದ ಕಪ್ಪುಚುಕ್ಕೆಗಳ ಮುದ್ರೆಯಿರುವುದನ್ನು ನೀವು ಕಂಡಿದ್ದೀರಿ. ಫೋನಿನ ಕಣ್ಣನ್ನು ಅದರ ಮೇಲೆ ಹಿಡಿದರೆ ‘ದೀಕ್ಷಾ’ ಎಂಬ ಜಾಲದಲ್ಲಿರುವ ಆ ಪಾಠದ ವಿವರಣೆ ತೆರೆದುಕೊಳ್ಳುತ್ತದೆ. 2017ರಲ್ಲಿ ಪ್ರಾರಂಭವಾದ ಈ ಜಾಲಕ್ಕೆ ಶುಲ್ಕವಿಲ್ಲ.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ತಂದೆಯವರು ಜೂನ್ ಪರೀಕ್ಷೆಯವರೆಗೆ ಕಾಯಲು ಒಪ್ಪಿದರು. ಮೇ ಎರಡನೆಯ ವಾರದಿಂದ ಜೂನ್ ನಡುವಿನವರೆಗೆ, ಅಂದರೆ ಹೆಚ್ಚೆಂದರೆ ಐದು ವಾರ. ಮಂಡಲಿಗೆ ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಪ್ರತಿ ಸಿಗುತ್ತದೆ. ಬಹುಮಂದಿ ಅದನ್ನು ತರಿಸಿಕೊಳ್ಳುವುದು ಅಂಕ ಕಡಿಮೆ ಕೊಟ್ಟಿದ್ದಾರೆಯೆ ಎಂದು ಹುಡುಕುವುದಕ್ಕಾಗಿ. ನಾನು ತರಿಸಿದ್ದು ಬೇರೆ ಕಾರಣಕ್ಕೆ: ಎಳೆ ಎಲ್ಲಿ ಕಡಿದಿದೆಯೆಂದು ನೋಡಬೇಕಾಗಿತ್ತು.

ವರ್ಗ ಸಮೀಕರಣದ ಲೆಕ್ಕಗಳೆಲ್ಲ ತಪ್ಪಾಗಿದ್ದವು. ಅದೇ ಬಗೆಯ ಒಂದು ಸುಲಭದ ಲೆಕ್ಕವನ್ನು ಹೇಳಿ ಮಾಡಿಸಿದೆ. ಒಂದು ಸಂಖ್ಯೆಯ ವರ್ಗದಿಂದ ಅದರ ಐದರಷ್ಟನ್ನು ಕಳೆದು ಆರನ್ನು ಕೂಡಿದರೆ ಸೊನ್ನೆ ಬರುತ್ತದೆ. ಆ ಸಂಖ್ಯೆ ಯಾವುದು? ಇದನ್ನು ಬಿಡಿಸಲು, ಕೂಡಿದರೆ ಋಣ ಐದು, ಗುಣಿಸಿದರೆ ಧನ ಆರು ಬರುವ ಎರಡು ಸಂಖ್ಯೆಗಳನ್ನು ಹುಡುಕಬೇಕು. ಅವು ಋಣ ಎರಡು ಮತ್ತು ಋಣ ಮೂರು. ಹುಡುಗಿ ಋಣ ಆರು ಮತ್ತು ಧನ ಒಂದನ್ನು ತೆಗೆದುಕೊಂಡಳು. ಕೂಡಿದರೆ ಋಣ ಐದೇ ಬರುತ್ತದೆ. ಆದರೆ ಗುಣಿಸಿದರೆ ಬರುವುದು ಋಣ ಆರು. ಅವಳು ಚಿಹ್ನೆಯನ್ನು ಬಿಟ್ಟು ಆರು ಎಂದು ಬರೆದುಕೊಂಡಳು. ಉತ್ತರ ಎರಡು ಮತ್ತು ಮೂರು ಎಂದು ಬರಬೇಕಾದ ಕಡೆ ಆರು ಮತ್ತು ಋಣ ಒಂದು ಎಂದಾಯಿತು. “ಆರರ ವರ್ಗ ಮೂವತ್ತಾರು; ಅದರಲ್ಲಿ ಮೂವತ್ತು ಕಳೆದು ಆರು ಕೂಡಿದರೆ ಎಷ್ಟಮ್ಮ?” ಎಂದೆ. “ಹನ್ನೆರಡು ಸಾರ್” ಎಂದಳು. ಸೊನ್ನೆ ಬರಲಿಲ್ಲವೆಂಬುದು ತಾನಾಗಿಯೇ ಅವಳ ಮುಖದಲ್ಲಿ ತಿಳಿಯಿತು.

ವರ್ಗ ಸಮೀಕರಣ ಹತ್ತನೆಯ ತರಗತಿಯ ಪಾಠ. ಆದರೆ ಧನ, ಋಣ ಸಂಖ್ಯೆಗಳನ್ನು ಗುಣಿಸುವ ನಿಯಮ ಏಳನೆಯ ತರಗತಿಯದು. ಆ ಪಾಠ ನಡೆದ ದಿನಗಳಲ್ಲಿ ಅವಳಿಗೆ ಜ್ವರ ಬಂದಿತ್ತೋ, ಹಬ್ಬಕ್ಕೆ ಅಜ್ಜಿಯ ಊರಿಗೆ ಹೋಗಿದ್ದಳೋ ತಿಳಿಯದು. ಅಂದು ಬಾಕಿ ಉಳಿದದ್ದು ಮೂರು ವರ್ಷ ಸುಮ್ಮನಿದ್ದು ನಾಲ್ಕನೆಯ ವರ್ಷ ಎದುರು ಬಂದು ನಿಂತಿತು. ಗಣಿತದ ಬಾಕಿಗಳ ಸ್ವಭಾವವೇ ಹೀಗೆ. ನನ್ನ ಅನುಭವದಲ್ಲಿ, ಹತ್ತನೆಯ ತರಗತಿಯ ಗಣಿತದಲ್ಲಿ ನಿಲ್ಲುವವರಲ್ಲಿ ಬಹುಮಂದಿ ನಿಂತಿರುವುದು ಹತ್ತನೆಯ ತರಗತಿಯ ಪಾಠದಲ್ಲಲ್ಲ. ಅಂಥವರಿಗೆ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಗಳನ್ನೇ ಮತ್ತೆ ಮತ್ತೆ ಬರೆಯಿಸುವುದು ಮೂಗಿನ ನೋವಿಗೆ ಮೊಣಕಾಲಿಗೆ ಪಟ್ಟು ಹಾಕಿದಂತೆ.

ಇಲ್ಲಿಯೇ ಫೋನಿನ ಪಾಠದ ನಿಜವಾದ ಉಪಯೋಗವಿರುವುದು. ಹದಿನಾರು ವರ್ಷದ ಹುಡುಗಿಯನ್ನು ಏಳನೆಯ ತರಗತಿಯ ಕೊಠಡಿಯಲ್ಲಿ ಹನ್ನೆರಡು ವರ್ಷದ ಮಕ್ಕಳ ನಡುವೆ ಕೂರಿಸಲಾದೀತೆ? ಅವಳು ಬರುವುದಿಲ್ಲ, ಬಂದರೂ ತಲೆಯೆತ್ತುವುದಿಲ್ಲ. ಆದರೆ ತಮ್ಮನ ಹಳೆಯ ಪಠ್ಯಪುಸ್ತಕದ ಚುಕ್ಕೆಮುದ್ರೆಯ ಮೇಲೆ ಫೋನನ್ನು ಹಿಡಿದು, ಏಳನೆಯ ತರಗತಿಯ ಪೂರ್ಣಾಂಕಗಳ ಪಾಠವನ್ನು ಅವಳು ನಾಲ್ಕು ಸಲ ಕೇಳಿದಳು. ‘ಇಷ್ಟೂ ಬಾರದೆ?’ ಎಂದು ಅದು ಒಮ್ಮೆಯೂ ಗದರಲಿಲ್ಲ. ಐದನೆಯ ಸಲ ಕೇಳಿದ್ದರೂ ಅದೇ ದನಿಯಲ್ಲಿ ಹೇಳುತ್ತಿತ್ತು. ಮೂವತ್ತು ವರ್ಷಗಳಿಗೂ ಮೀರಿ ಪಾಠ ಹೇಳಿದ ನಮ್ಮಂಥವರಲ್ಲಿ ಎಷ್ಟು ಮಂದಿಗೆ ಆ ತಾಳ್ಮೆಯಿತ್ತೆಂಬುದು ಬೇರೆ ಮಾತು.

ಆದರೆ ತಾಳ್ಮೆಯಿರುವ ಈ ಪಾಠಕ್ಕೆ ಕಿವಿಯಿಲ್ಲ. ವಿದ್ಯಾರ್ಥಿ ಅರ್ಥವಾಗದೆ ಹುಬ್ಬು ಗಂಟಿಕ್ಕಿದರೂ ಅದು ಮುಂದಕ್ಕೆ ಹೋಗುತ್ತದೆ, ನಿದ್ರೆಹೋದರೂ ಹೋಗುತ್ತದೆ. ಬೇರೊಬ್ಬರು ಲೆಕ್ಕವನ್ನು ಬಿಡಿಸುವುದನ್ನು ನೋಡುತ್ತ ಕುಳಿತರೆ ಎಲ್ಲವೂ ತಿಳಿದಂತೆಯೇ ತೋರುತ್ತದೆ. ಈಜುವವನನ್ನು ದಡದಲ್ಲಿ ನಿಂತು ನೋಡಿದವನಿಗೂ ಹಾಗೆಯೇ ತೋರುತ್ತದೆ. ನೀರಿಗಿಳಿದಾಗ ತಾನೇ ಗೊತ್ತಾಗುವುದು. ಉತ್ತರಗಳನ್ನು ಅದೇ ಫೋನಿನಲ್ಲಿ ಹುಡುಕಿ ತುಂಬಿಬಿಡುವ ಆಸೆಯೂ ಪಕ್ಕದಲ್ಲಿಯೇ ಇರುತ್ತದೆ. ಅಮೆರಿಕದಲ್ಲಿ ಈ ಪದ್ಧತಿಯನ್ನು ಟೀಕಿಸುವವರು ಮುಖ್ಯವಾಗಿ ಹೇಳುವುದು ಇದನ್ನೇ: ಜಮೆ ಆಯಿತು, ಕಲಿಕೆ ಆಗಲಿಲ್ಲ.

ಇದು ಬರಿಯ ಊಹೆಯಲ್ಲ. ಅಲ್ಲಿಯ ಷಿಕಾಗೋ ನಗರದಲ್ಲಿ 2011 ಮತ್ತು 2012ರ ಬೇಸಿಗೆಯಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಒಂಬತ್ತನೆಯ ತರಗತಿಯ ಬೀಜಗಣಿತದಲ್ಲಿ ಅನುತ್ತೀರ್ಣರಾದ ಸಾವಿರಕ್ಕೂ ಹೆಚ್ಚು ಮಂದಿ, ಅಂದರೆ ನಿಮ್ಮದೇ ತರಗತಿಯ ಮಕ್ಕಳು, ಅದರಲ್ಲಿ ಭಾಗವಹಿಸಿದರು. ಚೀಟಿಯೆತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಂಪ್ಯೂಟರಿನ ಮೂಲಕವೂ ಇನ್ನೊಂದಕ್ಕೆ ಉಪಾಧ್ಯಾಯರ ಎದುರಿನಲ್ಲಿಯೂ ಪಾಠ ನಡೆಸಿದರು. ಉಪಾಧ್ಯಾಯರ ಎದುರು ಕಲಿತವರಲ್ಲಿ ನೂರಕ್ಕೆ 76 ಮಂದಿ ಆ ವಿಷಯವನ್ನು ತುಂಬಿಕೊಂಡರು. ಕಂಪ್ಯೂಟರಿನಲ್ಲಿ ಕಲಿತವರಲ್ಲಿ 66 ಮಂದಿ. ಕಂಪ್ಯೂಟರಿನ ಪಾಠ ಹೆಚ್ಚು ಕಷ್ಟವೆಂದೂ ಆ ಮಕ್ಕಳು ಹೇಳಿದರು. ಹತ್ತು ಮಂದಿಯ ಈ ವ್ಯತ್ಯಾಸ ಕಡಿಮೆಯದಲ್ಲ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಓದಬಹುದು: ಬೇರೆ ದಾರಿಯೇ ಇಲ್ಲದ ಕಡೆ ನೂರಕ್ಕೆ 66 ಮಂದಿಯನ್ನು ದಡ ಮುಟ್ಟಿಸುವ ದೋಣಿಯನ್ನು ಬೇಡವೆನ್ನಲಾಗದು.

ನಮ್ಮ ಹುಡುಗಿಗೆ ಎರಡೂ ಸಿಕ್ಕವು. ಆ ಬೇಸಿಗೆಯಲ್ಲಿ ಅನುತ್ತೀರ್ಣರಾದವರಿಗಾಗಿ ಶಾಲೆಗಳಲ್ಲಿ ವಿಶೇಷ ತರಗತಿಗಳು ನಡೆದವು. ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದಳು; ಹಿಂದಿನ ತರಗತಿಗಳ ಪಾಠವನ್ನು ಸಂಜೆ ಫೋನಿನಲ್ಲಿ ನೋಡುತ್ತಿದ್ದಳು. ‘ನೋಡುತ್ತಿದ್ದಳು’ ಎಂದು ಬರೆಯುವುದು ಸುಲಭ. ಫೋನು ತಂದೆಯದು, ಅವರು ಮಗ್ಗದಿಂದ ಬರುವುದು ರಾತ್ರಿ ಎಂಟಕ್ಕೆ. ಪಕ್ಕದ ಮನೆಯ ಮಗ್ಗಗಳು ನಡೆಯುತ್ತಿರುವಷ್ಟು ಹೊತ್ತು ಫೋನಿನ ದನಿ ಕೇಳಿಸುವುದಿಲ್ಲ. ಆದ್ದರಿಂದ ಅವಳ ಪಾಠ ಪ್ರಾರಂಭವಾಗುತ್ತಿದ್ದುದು ರಾತ್ರಿ ಒಂಬತ್ತೂವರೆಯ ಮೇಲೆ. ತಮ್ಮನಿಗೆ ಆಗ ಆಟದ ದೃಶ್ಯಗಳು ಬೇಕು. ತಾಯಿಗೆ ಧಾರಾವಾಹಿ ತಪ್ಪಿದ್ದು ಬೇಕು. ಇವುಗಳ ನಡುವೆ ಒಂದು ಗಂಟೆಯನ್ನು ಅವಳ ಹೆಸರಿಗೆ ಬರೆಸಲು ನಾನು ಎರಡು ಸಲ ಆ ಮನೆಗೆ ಹೋಗಬೇಕಾಯಿತು. ಇಂತಹ ಪಾಠವನ್ನು ಕುರಿತು ಮಾತನಾಡುವವರು ಜಾಲದ ವೇಗವನ್ನು ಕುರಿತು ಬಹಳ ಹೇಳುತ್ತಾರೆ. ಮನೆಗಿರುವ ಒಂದು ಫೋನು ರಾತ್ರಿ ಯಾರ ಕೈಯಲ್ಲಿರಬೇಕೆಂಬುದನ್ನು ಕುರಿತು ಹೇಳುವವರು ಕಡಿಮೆ.

ಒಂದು ನಿಯಮವನ್ನು ಮಾಡಿಕೊಂಡೆವು. ಪಾಠದಲ್ಲಿ ಲೆಕ್ಕವನ್ನು ಹೇಳಿದೊಡನೆ ಅದನ್ನು ನಿಲ್ಲಿಸಬೇಕು. ಕಾಗದದ ಮೇಲೆ ತಾನು ಬಿಡಿಸಬೇಕು. ಅನಂತರವೇ ಉಳಿದದ್ದನ್ನು ನೋಡಬೇಕು. ತಪ್ಪಾದ ಲೆಕ್ಕವನ್ನು ಅಳಿಸಬಾರದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಆ ಕಾಗದಗಳನ್ನು ಮರುದಿನ ತಂದು ತೋರಿಸಬೇಕು. ಮೊದಲ ವಾರ ತಪ್ಪುಗಳೇ ಹೆಚ್ಚಾಗಿದ್ದವು. ಎರಡನೆಯ ವಾರ ಅವಳು ತನ್ನೊಡನೆ ಅದೇ ಬೀದಿಯ ಗೆಳತಿಯೊಬ್ಬಳನ್ನು ಕರೆತಂದಳು. ಅವಳು ಗಣಿತ, ವಿಜ್ಞಾನ ಎರಡರಲ್ಲಿಯೂ ನಿಂತವಳು. 1975ರ ಆ ಹಳ್ಳಿಗಳ ಪೆಟ್ಟಿಗೆಯ ನೆನಪು ನನಗಾದದ್ದು ಆಗ. ಫೋನನ್ನು ಒಂದು ಚೊಂಬಿಗೆ ಒರಗಿಸಿ ಇಬ್ಬರೂ ಒಟ್ಟಿಗೆ ಕುಳಿತು ನೋಡತೊಡಗಿದ ಮೇಲೆ ಕಾಗದದ ಮೇಲಿನ ತಪ್ಪುಗಳು ಬೇಗ ಕಡಿಮೆಯಾದವು. ಒಬ್ಬಳು ಚಿಹ್ನೆಯನ್ನು ಬಿಟ್ಟರೆ ಇನ್ನೊಬ್ಬಳು ಹಿಡಿಯುತ್ತಿದ್ದಳು. ನನ್ನ ಕೆಲಸವೂ ಹಗುರಾಯಿತು.

ಜೂನ್ ಪರೀಕ್ಷೆಯಲ್ಲಿ ಮೊದಲನೆಯವಳು ಗಣಿತದಲ್ಲಿ ಉತ್ತೀರ್ಣಳಾದಳು. ಹೆಚ್ಚಿನ ಅಂಕಗಳೇನೂ ಅಲ್ಲ. ತೇರ್ಗಡೆಗಿಂತ ಸ್ವಲ್ಪ ಮೇಲೆ. ಅವಳು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯ ವಿಭಾಗಕ್ಕೆ ಸೇರಿದಳು. ಗೆಳತಿಗೆ ಗಣಿತ ದಾಟಿತು, ವಿಜ್ಞಾನ ದಾಟಲಿಲ್ಲ. ಅವಳು ಗಣಿತದ ಅಂಕಪಟ್ಟಿಯನ್ನು ತಂದು ತೋರಿಸಿ, “ಈಗ ಒಂದೇ ಬಾಕಿ ಸಾರ್” ಎಂದಳು. ಆಗಸ್ಟ್ ಪರೀಕ್ಷೆಗೆ ಅರ್ಜಿ ತುಂಬಲು ಮರುದಿನ ಶಾಲೆಗೆ ಹೋದಳು. ಹೋಗುವಾಗ ಎಂಟನೆಯ ತರಗತಿಯ ವಿಜ್ಞಾನ ಪುಸ್ತಕ ಯಾರ ಬಳಿ ಸಿಗುವುದೆಂದು ಕೇಳಿಕೊಂಡು ಹೋದಳು.